ಹಲ್ಲಿನ ಕೆನಾಲ್‌ನಲ್ಲಿ ಹೂಳು ತುಂಬಿದಾಗ

ದಸರಾ ಮುಗಿದ ವಾರ, ಮಾನ್ವಿ ತಾಲೂಕಿನ ಹಳ್ಳಿಯಿಂದ ನಮ್ಮ ಮಾವ ಮೊದಲ ಬಸ್ಸಿಗೇ ರಾಯಚೂರಿಗೆ ಬಂದಿಳಿದರು. ಒಂದು ಕೈಯಲ್ಲಿ ಟವೆಲ್, ಇನ್ನೊಂದರಲ್ಲಿ ತಣ್ಣೀರಿನ ಬಾಟಲಿ. ಎರಡು ನಿಮಿಷಕ್ಕೊಮ್ಮೆ ಒಂದು ಗುಟುಕು ಬಾಯಿಗೆ ಹಾಕಿ, ಎಡಗೆನ್ನೆಯಲ್ಲಿ ತಡೆದು, ಹೊರಗೆ ಉಗುಳುತ್ತಿದ್ದರು. ರಾತ್ರಿಯಿಡೀ ನಿದ್ದೆ ಇಲ್ಲ. ಮಲಗಿದರೆ ಹಲ್ಲು ಸಿಡಿಯುತ್ತೆ, ಎದ್ದು ಕುಂತರೆ ಸ್ವಲ್ಪ ತಡೆಯುತ್ತೆ ಅಂತ ಮನೆ ಮುಂದಿನ ಕಟ್ಟೆ ಮೇಲೆ ಕುಂತೇ ಬೆಳಗು ಮಾಡಿದ್ದರಂತೆ.

ಡಾಕ್ಟರಮ್ಮ ಎಕ್ಸ್‌ರೇ ತೆಗೆದು ನೋಡಿ, "ರೂಟ್ ಕೆನಾಲ್ ಮಾಡಬೇಕ್ರಿ ಯಜಮಾನ್ರೇ" ಅಂದರು. ಮಾವ ನನ್ನ ಕಡೆ ತಿರುಗಿ ಸಣ್ಣಗೆ ಕೇಳಿದರು: "ಕೆನಾಲ್ ಅಂದ್ರ, ನಮ್ಮ ತುಂಗಭದ್ರಾ ಕೆನಾಲ್ ಐತಲ್ಲ, ಹಂಗೇನು?"

ನನಗೆ ನಗು ಬಂತು. ಡಾಕ್ಟರಮ್ಮ ನಗಲಿಲ್ಲ. "ಹಂಗೇ ರೀ" ಅಂದರು. ನಿಜವಾಗಿ ನೋಡಿದರೆ ಹಾಗೆಯೇ ಇದೆ. ಹೊಲಕ್ಕೆ ಕಾಲುವೆ ಇದ್ದಂತೆ ಹಲ್ಲಿಗೂ ಕಾಲುವೆ ಇದೆ. ಆ ಕಾಲುವೆ ಕೊಳೆತಾಗ ಬಳಿದು ತೊಳೆದು ಮುಚ್ಚುವ ಕೆಲಸಕ್ಕೇ ರೂಟ್ ಕೆನಾಲ್ ಅನ್ನೋದು.

ಹಲ್ಲು ಕಲ್ಲಿನ ಹಾಗೆ ಕಂಡರೂ ಒಳಗೆ ಟೊಳ್ಳು. ಹೊರಗಿನ ಬಿಳಿ ಪದರಕ್ಕೆ ಎನಾಮಲ್ ಅನ್ನುತ್ತಾರೆ. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿ ವಸ್ತು ಬೇರೆ ಇಲ್ಲ. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಬರೀ ಖನಿಜ. ಅದರಲ್ಲಿ ನರವೂ ಇಲ್ಲ, ಜೀವವೂ ಇಲ್ಲ. ಹಾಗಾಗಿ ತೂತು ಬಿದ್ದರೆ ನೋವು ಗೊತ್ತಾಗಲ್ಲ, ಬಿದ್ದ ತೂತು ತಾನಾಗಿ ತುಂಬೋದೂ ಇಲ್ಲ. ಅದರ ಒಳಗಿನ ಪದರ ಡೆಂಟಿನ್. ಸ್ವಲ್ಪ ಹಳದಿ, ಸ್ವಲ್ಪ ಮೆತ್ತಗೆ, ಕಣ್ಣಿಗೆ ಕಾಣದ ಸಾವಿರಾರು ಸಣ್ಣ ಕೊಳವೆಗಳಿಂದ ಕೂಡಿದ್ದು. ಅದಕ್ಕೂ ಒಳಗೆ, ಹಲ್ಲಿನ ನಡುಮಧ್ಯೆ, ಒಂದು ಪುಟ್ಟ ಕೋಣೆ. ಆ ಕೋಣೆಯಲ್ಲಿ ಮೆತ್ತನೆಯ ಕೆಂಪು ಮಾಂಸದಂಥ ಪಲ್ಪ್ ಇರುತ್ತೆ. ಹಲ್ಲಿನ ರಕ್ತ, ನರ, ಜೀವ ಎಲ್ಲ ಅಲ್ಲೇ.

ಕೋಣೆಯಿಂದ ಕೆಳಗೆ ಒಂದೊಂದು ಬೇರಿನೊಳಗೂ ಕಾಲುವೆ ಇಳಿಯುತ್ತೆ. ಬೇರಿನ ತುದಿಯಲ್ಲಿ ಒಂದು ಸೂಕ್ಷ್ಮ ರಂಧ್ರ. ದವಡೆಯ ಎಲುಬಿನಿಂದ ರಕ್ತನಾಳ, ನರ ಒಳಗೆ ಬರೋದು ಆ ರಂಧ್ರದಿಂದ. ಮೇಲಿನ ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ಕಾಲುವೆ. ಕೆಳಗಿನ ದವಡೆ ಹಲ್ಲಿಗೆ ಮೂರು, ಕೆಲವರಿಗೆ ನಾಲ್ಕು. ಮೇಲಿನ ದವಡೆ ಹಲ್ಲಿಗೂ ಮೂರೋ ನಾಲ್ಕೋ. ಅದರಲ್ಲಿ ನಾಲ್ಕನೆಯದು ಎಷ್ಟು ಸಣ್ಣಗೆ ಅಡಗಿರುತ್ತೆ ಅಂದರೆ, ಅದನ್ನು ಹುಡುಕೋದಕ್ಕಾಗಿಯೇ ಕೆಲವು ಡಾಕ್ಟರುಗಳು ಮೈಕ್ರೋಸ್ಕೋಪ್ ಇಟ್ಟುಕೊಂಡಿರುತ್ತಾರೆ.

ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್. ಹಲ್ಲಿನದು 20 ಮಿಲಿಮೀಟರ್ ಆಸುಪಾಸು. ಆದರೆ ತಾಪತ್ರಯ ಎರಡಕ್ಕೂ ಒಂದೇ. ಕೊನೆ ಮುಟ್ಟೋದು ಕಷ್ಟ.

ಹುಳ ಎಲ್ಲಿಂದ ಬಂತು?

ನಮ್ಮ ಕಡೆ ಹಲ್ಲು ಕೆಟ್ಟರೆ "ಹುಳ ಬಿದ್ದೈತಿ" ಅನ್ನುತ್ತಾರೆ. ಸಂತೆಯಲ್ಲಿ ಬೀಜ ಸುಟ್ಟು ಹೊಗೆ ಹಾಕಿಸಿ ಹುಳ ತೆಗೆಯುವವರೂ ಇದ್ದರು. ನೀರಿನ ತಟ್ಟೆಯಲ್ಲಿ ಬಿಳಿ ಎಳೆ ತೇಲಿಸಿ ತೋರಿಸುತ್ತಿದ್ದರು. ಬಿಸಿಗೆ ಬೀಜ ಸಿಡಿದಾಗ ಒಳಗಿನ ಮೊಳಕೆ ಹೊರಗೆ ಬಂದರೆ ಥೇಟ್ ಹುಳದ ಹಾಗೇ ಕಾಣುತ್ತೆ. ಹಲ್ಲಿನಲ್ಲಿ ಹುಳ ಇರಲ್ಲ. ಇರೋದು ಬ್ಯಾಕ್ಟೀರಿಯಾ.

ನಾವು ತಿಂದ ಸಕ್ಕರೆ, ಹಿಟ್ಟು ಹಲ್ಲಿನ ಸಂದಿಯಲ್ಲಿ ಉಳಿದರೆ ಈ ಬ್ಯಾಕ್ಟೀರಿಯಾ ಅದನ್ನು ಹುಳಿ ಮಾಡುತ್ತವೆ. ದೋಸೆ ಹಿಟ್ಟು ಹುಳಿ ಬರುತ್ತಲ್ಲ, ಹಾಗೆ. ಹುಳಿ ಅಳೆಯೋ ಲೆಕ್ಕಕ್ಕೆ ಪಿಎಚ್ ಅನ್ನುತ್ತಾರೆ, ಅದು ಇಳಿದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮಲ್ ಕರಗೋಕೆ ಶುರು. ಎಂಜಲು ಆ ಹುಳಿಯನ್ನು ತೊಳೆದು, ಕಳೆದುಹೋದ ಖನಿಜವನ್ನು ಸ್ವಲ್ಪ ಮಟ್ಟಿಗೆ ವಾಪಸ್ ಕೂರಿಸುತ್ತೆ. ಅದಕ್ಕೆ ಟೈಮ್ ಬೇಕು ಅಷ್ಟೆ. ಮಾವ ದಿನಕ್ಕೆ ಏಳೆಂಟು ಸಲ ಸಕ್ಕರೆ ಜಾಸ್ತಿ ಹಾಕಿದ ಚಾ ಕುಡಿಯುವವರು. ಎಂಜಲಿಗೆ ಪುರುಸೊತ್ತು ಎಲ್ಲಿ? ಒಂದೇ ಸಲ ಎರಡು ಹೋಳಿಗೆ ತಿನ್ನುವವರಿಗಿಂತ, ದಿನವಿಡೀ ಗುಟುಕು ಗುಟುಕು ಸಿಹಿ ಚಾ ಕುಡಿಯುವವರ ಹಲ್ಲಿಗೆ ಅಪಾಯ ಜಾಸ್ತಿ.

ಇಲ್ಲೊಂದು ಮಾತು ಹೇಳಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಅನ್ನೋದು ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ. ಸಣ್ಣವರಿದ್ದಾಗಿಂದ ಅದಕ್ಕಿಂತ ಜಾಸ್ತಿ ಫ್ಲೋರೈಡ್ ಇರುವ ನೀರು ಕುಡಿದವರ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ ಬರುತ್ತೆ. ಅದು ಹುಳುಕಲ್ಲ. ಬರೀ ಕಲೆ ನೋಡಿ ರೂಟ್ ಕೆನಾಲ್ ಮಾಡಿಸೋ ಅಗತ್ಯ ಇಲ್ಲ. ಹಾಗಂತ ಕಲೆ ಇರುವ ಹಲ್ಲಿಗೆ ಹುಳುಕು ಹಿಡಿಯೋದೇ ಇಲ್ಲ ಅಂತಲೂ ಅಲ್ಲ.

ಜುಂ ಅನ್ನೋದು ಬೇರೆ, ಸಿಡಿಯೋದು ಬೇರೆ

ಹುಳುಕು ಡೆಂಟಿನ್ ತಲುಪಿದಾಗ ತಣ್ಣೀರು, ಐಸ್‌ಕ್ರೀಮ್, ಕಬ್ಬಿನ ಹಾಲು ತಾಗಿದರೆ ಹಲ್ಲು ಜುಂ ಅನ್ನುತ್ತೆ. ಆಗ ನೀವೇ ಮಾಡಿಕೊಳ್ಳಬಹುದಾದ ಪರೀಕ್ಷೆ ಒಂದಿದೆ. ತಣ್ಣನೆಯದು ಬಾಯಿಂದ ಹೋದ ಮೇಲೆ ಆ ಜುಂ ಎಷ್ಟು ಹೊತ್ತು ಇರುತ್ತೆ ನೋಡಿ. ಕೂಡಲೇ ಹೋಯಿತು ಅಂದರೆ ಪಲ್ಪ್‌ಗೆ ಬರೀ ಸಿಟ್ಟು ಬಂದಿದೆ, ಸಮಾಧಾನ ಮಾಡಬಹುದು. ಹುಳುಕು ಕೆರೆದು ಸಿಮೆಂಟ್ ತುಂಬಿದರೆ ಸಾಕಾಗೋದೇ ಜಾಸ್ತಿ. ಜುಂ ಅಂದದ್ದು ಅರ್ಧ ನಿಮಿಷ, ಒಂದು ನಿಮಿಷ ಎಳೆಯುತ್ತಿದ್ದರೆ, ಏನೂ ತಾಗದಿದ್ದರೂ ತಾನಾಗೇ ನೋವು ಏಳುತ್ತಿದ್ದರೆ, ಪಲ್ಪ್ ವಾಪಸ್ ಬರಲಾರದಷ್ಟು ಹಾಳಾಗಿರುವ ಸಾಧ್ಯತೆ ಹೆಚ್ಚು.

ಆ ನೋವು ಯಾಕಷ್ಟು ಭೀಕರ? ಕಾಲಿಗೆ ಮುಳ್ಳು ಚುಚ್ಚಿದರೆ ಸುತ್ತಲಿನ ಚರ್ಮ ಊದಿಕೊಳ್ಳುತ್ತೆ, ಜಾಗ ಇದೆ. ಪಲ್ಪ್ ಕಲ್ಲಿನ ಡಬ್ಬಿಯೊಳಗೆ ಕೂತಿದೆ. ಅದು ಊದಿಕೊಳ್ಳಬೇಕು ಅಂದರೂ ಜಾಗ ಇಲ್ಲ. ಒತ್ತಡ ಪೂರ್ತಿ ನರದ ಮೇಲೆ ಬೀಳುತ್ತೆ. ಮಲಗಿದರೆ ತಲೆ ಕಡೆಗೆ ರಕ್ತದ ಒತ್ತಡ ಇನ್ನಷ್ಟು ಏರುತ್ತೆ, ಅದಕ್ಕೇ ರಾತ್ರಿಯ ನೋವು. ಮಾವ ಕಟ್ಟೆ ಮೇಲೆ ಕುಂತದ್ದು ಅದಕ್ಕೇ. ಇನ್ನು ತಣ್ಣೀರಿನ ಬಾಟಲಿ. ಪಲ್ಪ್ ಸಾಯುವ ಹಂತಕ್ಕೆ ಬಂದಾಗ ಎಷ್ಟೋ ಜನಕ್ಕೆ ಬಿಸಿ ತಾಗಿದರೆ ಜೀವ ಹೋಗುತ್ತೆ, ತಣ್ಣೀರು ಹಿಡಿದರೆ ಹಾಯೆನಿಸುತ್ತೆ. ಬಾಟಲಿ ಹಿಡಿದು ಒಳಗೆ ಬಂದದ್ದು ನೋಡಿಯೇ ಡಾಕ್ಟರಮ್ಮನಿಗೆ ಅರ್ಧ ಗೊತ್ತಾಗಿತ್ತಂತೆ.

ಇನ್ನೊಂದು ವಿಚಿತ್ರ ಇದೆ. ಒಳಗಿನ ನೋವು ಯಾವ ಹಲ್ಲಿನದು ಅಂತ ನಮಗೇ ಸರಿಯಾಗಿ ತಿಳಿಯಲ್ಲ. ಮೇಲಿನ, ಕೆಳಗಿನ ಹಲ್ಲು, ಕಿವಿಯ ಹತ್ತಿರದ ಭಾಗ, ಕಣತಲೆ, ಎಲ್ಲದರ ಸುದ್ದಿ ಮಿದುಳಿಗೆ ಹೋಗೋದು ಒಂದೇ ದೊಡ್ಡ ನರದ ಕವಲುಗಳಿಂದ. ಹಾಗಾಗಿ ಕೆಳಗಿನ ಹಲ್ಲು ಕೆಟ್ಟಿದ್ದಕ್ಕೆ ಕಿವಿಗೆ ಎಣ್ಣೆ ಬಿಟ್ಟುಕೊಂಡು ಕೂತವರಿದ್ದಾರೆ. ಡಾಕ್ಟರ್ ಒಂದೊಂದೇ ಹಲ್ಲಿಗೆ ತಣ್ಣನೆಯ ಹತ್ತಿ ಮುಟ್ಟಿಸಿ, ಸಣ್ಣಗೆ ತಟ್ಟಿ, ಎಕ್ಸ್‌ರೇ ನೋಡಿ ಕಳ್ಳನನ್ನು ಹಿಡಿಯಬೇಕಾಗುತ್ತೆ. ಆ ತಾಳ್ಮೆ ಇಲ್ಲದೆ ನೀವು ಬೆರಳು ತೋರಿಸಿದ ಹಲ್ಲಿಗೇ ಕೈ ಹಾಕುವವರ ಹತ್ತಿರ ಹೋಗಬೇಡಿ.

ನೋವು ಹೋಯಿತು ಅಂದಾಗಲೇ ಹೆದರಬೇಕು

ಮಾವ ಅವತ್ತು ರೂಟ್ ಕೆನಾಲ್ ಮಾಡಿಸಲಿಲ್ಲ. "ಹತ್ತಿ ಬಿಡಿಸೋದೈತಿ, ಮುಗಿಸ್ಕೊಂಡು ಬರ್ತೀನಿ" ಅಂತ ಗುಳಿಗಿ ಬರೆಸಿಕೊಂಡು ಊರಿಗೆ ಹೋದರು. ನಾಲ್ಕನೇ ದಿನಕ್ಕೆ ಫೋನು. "ಸುಮ್ನ ರೊಕ್ಕ ದಂಡ ಆಗ್ತಿತ್ತು ನೋಡು. ಪೂರ್ತಿ ಗುಣ ಆತು. ಬಿಸಿ ಚಾ ಕುಡಿದ್ರೂ ಏನೂ ಆಗವಲ್ದು."

ಈ ಲೇಖನ ಬರೆಯೋಕೆ ಕೂತಿದ್ದೇ ಆ ಫೋನಿನಿಂದ. ಹಲ್ಲು ಗುಣ ಆಗಿರಲಿಲ್ಲ, ಸತ್ತಿತ್ತು. ನರ ಸತ್ತ ಮೇಲೆ ಬಿಸಿಯೂ ಗೊತ್ತಾಗಲ್ಲ, ತಣ್ಣನೆಯದೂ ಗೊತ್ತಾಗಲ್ಲ. ಬ್ಯಾಕ್ಟೀರಿಯಾಗಳಿಗೆ ಮಾತ್ರ ಹಬ್ಬ. ಸತ್ತ ಪಲ್ಪ್ ಅವಕ್ಕೆ ಊಟ, ಕಾಲುವೆ ಅವಕ್ಕೆ ಮನೆ. ತಡೆಯೋಕೆ ರಕ್ತ ಇಲ್ಲ, ಬಿಳಿ ರಕ್ತಕಣ ಇಲ್ಲ. ನಿಧಾನವಾಗಿ ಬೇರಿನ ತುದಿಯ ರಂಧ್ರದಿಂದ ಹೊರಗೆ ಇಳಿದು ಎಲುಬನ್ನು ತಿನ್ನತೊಡಗುತ್ತವೆ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪನೆಯ ಮಚ್ಚೆ ಕಂಡರೆ, ಅಲ್ಲಿ ಎಲುಬು ಕರಗಿದೆ ಅಂತ ಅರ್ಥ. ಇದೆಲ್ಲ ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆಯಬಹುದು. ಕೆಲವರಿಗೆ ಒಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು, ಆಗಾಗ ಒಡೆದು ಕೀವು ಸೋರುತ್ತೆ. ಕೀವಿಗೆ ದಾರಿ ಸಿಕ್ಕಿದ್ದರಿಂದ ನೋವೇ ಇರಲ್ಲ. ಉಪ್ಪುನೀರು ಮುಕ್ಕಳಿಸಿ ವರ್ಷಗಟ್ಟಲೆ ಹಾಗೇ ದೂಡುತ್ತಾರೆ.

ಗುಳಿಗಿ ಯಾಕೆ ಸಾಕಾಗಲ್ಲ ಅನ್ನೋದೂ ಇಲ್ಲೇ ಗೊತ್ತಾಗುತ್ತೆ. ಆಂಟಿಬಯೋಟಿಕ್ ಎಲ್ಲಿಗೆ ಹೋಗಬೇಕಾದರೂ ರಕ್ತದ ಜೊತೆಗೇ ಹೋಗಬೇಕು. ಸತ್ತ ಹಲ್ಲಿನ ಒಳಗೆ ರಕ್ತವೇ ಹರಿಯಲ್ಲ. ಹೊರಗಿನ ಎಲುಬಿನಲ್ಲಿ ಹರಡಿದ್ದನ್ನು ಅದು ಸ್ವಲ್ಪ ದಿನ ತಗ್ಗಿಸಬಹುದು, ಒಳಗಿನ ಗೂಡು ಹಾಗೇ ಉಳಿಯುತ್ತೆ. ಬರೀ ಹಲ್ಲು ನೋವಿಗೆ ಆಂಟಿಬಯೋಟಿಕ್ ಬೇಡ, ಹಲ್ಲಿಗೇ ಚಿಕಿತ್ಸೆ ಮಾಡಿ ಅಂತ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರ ಮಾರ್ಗಸೂಚಿಯಲ್ಲಿ ಸಲಹೆ ಕೊಟ್ಟಿದೆ. ಜ್ವರ ಬಂದರೆ, ಬಾವು ಹರಡುತ್ತಿದ್ದರೆ ಆಗ ಬೇಕಾಗುತ್ತೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಮೂರು ದಿನ ನುಂಗಿ ಬಿಡೋದು ಯಾವ ಕಡೆಗೂ ಒಳ್ಳೆಯದಲ್ಲ.

ಲವಂಗದ ಎಣ್ಣೆಯ ವಿಷಯದಲ್ಲಿ ನಮ್ಮ ಅಜ್ಜಿಯರು ಹೇಳಿದ್ದರಲ್ಲಿ ಸತ್ಯ ಇದೆ. ಅದರಲ್ಲಿನ ಯೂಜಿನಾಲ್ ನರವನ್ನು ಸ್ವಲ್ಪ ಹೊತ್ತು ಮಂಕು ಮಾಡುತ್ತೆ. ಹಲ್ಲಿನ ಡಾಕ್ಟರ್ ಹತ್ತಿರ ಹೋದಾಗ ಮೂಗಿಗೆ ಹೊಡೆಯುವ ವಾಸನೆ ಇದೆಯಲ್ಲ, ಅದು ಬಹುಪಾಲು ಇದೇ ಯೂಜಿನಾಲ್. ತಾತ್ಕಾಲಿಕ ಸಿಮೆಂಟಿಗೆ ಕಲಸುತ್ತಾರೆ. ಆದರೆ ಅದು ರಾತ್ರಿ ಕಳೆಯೋಕೆ ಅಷ್ಟೆ. ತಂಬಾಕು ತುರುಕೋದು, ಆಸ್ಪಿರಿನ್ ಗುಳಿಗೆಯನ್ನು ಒಸಡಿನ ಮೇಲೆ ಇಟ್ಟುಕೊಳ್ಳೋದು ಮಾತ್ರ ಬೇಡವೇ ಬೇಡ. ಆಸ್ಪಿರಿನ್ ಒಸಡನ್ನು ಸುಟ್ಟು ಬೆಳ್ಳಗೆ ಮಾಡುತ್ತೆ.

ಹತ್ತಿ ಇನ್ನೂ ಅರ್ಧ ಬಿಡಿಸಿರಲಿಲ್ಲ, ಮಾವನ ಕೆನ್ನೆ ಊದಿತು. ಒಂದು ಕಣ್ಣು ಅರ್ಧ ಮುಚ್ಚಿತ್ತು. ಅದೃಷ್ಟಕ್ಕೆ ಬಾವು ಕೆಳಗೆ ಇಳಿದಿರಲಿಲ್ಲ. ಗದ್ದದ ಕೆಳಗೆ, ಕುತ್ತಿಗೆಗೆ ಬಾವು ಇಳಿದರೆ, ಬಾಯಿ ತೆರೆಯೋಕೆ, ಎಂಜಲು ನುಂಗೋಕೆ, ಉಸಿರಾಡೋಕೆ ಕಷ್ಟ ಆದರೆ, ಅದು ಹಲ್ಲಿನ ಕ್ಲಿನಿಕ್ಕಿಗೆ ಹೋಗೋ ವಿಷಯ ಅಲ್ಲ. ರಾತ್ರಿ ಎರಡು ಗಂಟೆಯಾದರೂ ಸರಿ, ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಓಡಬೇಕು. ಹಲ್ಲಿನ ಕೀವಿನಿಂದ ಉಸಿರು ಕಟ್ಟಿ ಜೀವ ಹೋಗಿರುವ ಉದಾಹರಣೆಗಳಿವೆ.

ಕುರ್ಚಿಯ ಮೇಲೆ

ಮೊದಲ ದಿನ ಕೀವು ಹೊರಗೆ ಬಿಟ್ಟು, ಔಷಧಿ ಕೊಟ್ಟು ಕಳಿಸಿದರು. ಬಾವು ಇಳಿದ ಮೇಲೆ ನಿಜವಾದ ಕೆಲಸ. ಎಷ್ಟು ಸಲ ಬರಬೇಕು ಅನ್ನೋದು ಹಲ್ಲಿನ ಮೇಲಿದೆ. ಸೋಂಕು ಕಡಿಮೆ ಇದ್ದರೆ ಒಂದೇ ಸಲಕ್ಕೆ ಮುಗಿಸಬಹುದು. ಕೀವು ಇದ್ದರೆ ಎರಡು ಮೂರು ಸಲ.

ಮರಗಟ್ಟಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಿಗ್ನೋಕೇನ್. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೊಫ್‌ಗ್ರೆನ್ ತಯಾರಿಸಿದ ಔಷಧಿ, ಇವತ್ತಿಗೂ ಅದೇ ನಡೀತಿದೆ. "ರೂಟ್ ಕೆನಾಲ್ ಅಂದ್ರ ಜೀವ ಹೋಗ್ತೈತಿ" ಅನ್ನುವವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಸೋಂಕು ಕೆರಳಿದ ಜಾಗ ಹುಳಿಯಾಗಿರುತ್ತೆ, ಅಲ್ಲಿ ಈ ಔಷಧಿ ಸರಿಯಾಗಿ ಕೆಲಸ ಮಾಡಲ್ಲ. ಅದರಲ್ಲೂ ಕೆಳಗಿನ ದವಡೆ ಹಲ್ಲು ಹಟಮಾರಿ. ಆಗ ಇನ್ನೊಂದು ಇಂಜೆಕ್ಷನ್, ಬೇರೆ ಜಾಗಕ್ಕೆ ಇಂಜೆಕ್ಷನ್ ಬೇಕಾಗುತ್ತೆ. ಅಂದರೆ ಜನ ಹೆದರುವ ನೋವು ಚಿಕಿತ್ಸೆಯದ್ದಲ್ಲ, ತಡ ಮಾಡಿದ್ದರದ್ದು. ನೋವಾದರೆ ಎಡಗೈ ಎತ್ತಿ ಅಂತ ಡಾಕ್ಟರಮ್ಮ ಹೇಳಿದ್ದರು. ಮಾವ ಒಂದೇ ಸಲ ಎತ್ತಿದರು. ಕೇಳಿದರೆ, "ಮೂಗು ಕೆರೀತಿತ್ತು" ಅಂದರು.

ಆಮೇಲೆ ಹಲ್ಲಿನ ಸುತ್ತ ತೆಳ್ಳನೆ ರಬ್ಬರ್ ಹಾಳೆ ಕಟ್ಟಿದರು. ರಬ್ಬರ್ ಡ್ಯಾಮ್ ಅಂತ ಅದರ ಹೆಸರು, 1864ರಿಂದ ಬಳಕೆಯಲ್ಲಿದೆ. ಡ್ಯಾಮ್ ಅಂದದ್ದೇ ಮಾವನ ಕಿವಿ ನಿಮಿರಿತು. ಎಂಜಲು ಹಲ್ಲಿನೊಳಗೆ ಬರದಂತೆ ತಡೆಯೋದು, ಸಣ್ಣ ಸೂಜಿಗಳು, ಔಷಧಿ ಗಂಟಲಿಗೆ ಜಾರದಂತೆ ನೋಡಿಕೊಳ್ಳೋದು ಅದರ ಕೆಲಸ. ಎಷ್ಟೋ ಕಡೆ ಅದನ್ನು ಕಟ್ಟೋದೇ ಇಲ್ಲ. ಕಟ್ಟುವ ಡಾಕ್ಟರ್ ಸಿಕ್ಕರೆ ನನ್ನ ಲೆಕ್ಕದಲ್ಲಿ ಅವರಿಗೆ ಒಂದು ಮಾರ್ಕು ಜಾಸ್ತಿ.

ಹಲ್ಲಿನ ಮೇಲೆ ಸಣ್ಣ ಕಿಂಡಿ ಕೊರೆದು ಕೋಣೆ ತೆರೆದರು. ಕೊಳೆತ ವಾಸನೆ ಪಕ್ಕದಲ್ಲಿ ನಿಂತ ನನಗೂ ಬಂತು. ಮುಂದೆ ಬಂದವು ಫೈಲ್‌ಗಳು. ನೋಡೋಕೆ ಗುಂಡುಪಿನ್ನಿನ ಹಾಗೆ, ಮೈತುಂಬ ಅರದಂಥ ಸಣ್ಣ ಸುತ್ತು, ತಲೆಗೆ ಬಣ್ಣದ ಹಿಡಿ. ಈ ಬಣ್ಣಗಳಿಗೆ ಲೆಕ್ಕ ಇದೆ. ನೇರಳೆ ಅಂದರೆ 10ನೇ ನಂಬರು, ತುದಿಯ ದಪ್ಪ 0.10 ಮಿಲಿಮೀಟರ್. ಬಿಳಿ 15, ಹಳದಿ 20, ಕೆಂಪು 25, ನೀಲಿ 30. ಸಣ್ಣದರಿಂದ ಶುರು ಮಾಡಿ ಒಂದೊಂದೇ ದಪ್ಪ ಏರಿಸುತ್ತ, ಕಾಲುವೆಯ ಗೋಡೆ ಕೆರೆದು ಅಗಲ ಮಾಡುತ್ತ ಹೋಗುತ್ತಾರೆ. ಈಗ ಮೋಟಾರಿಗೆ ಸಿಕ್ಕಿಸುವ ನಿಕ್ಕಲ್-ಟೈಟಾನಿಯಂ ಫೈಲ್‌ಗಳು ಬಂದಿವೆ. ಸೊಟ್ಟ ಕಾಲುವೆಯಲ್ಲೂ ಬಳುಕಿಕೊಂಡು ಹೋಗುತ್ತವೆ.

ಎಷ್ಟು ಆಳ ಇಳಿಯಬೇಕು ಅನ್ನೋದೇ ಇಡೀ ಕೆಲಸದ ಜೀವ. ಕಡಿಮೆ ಇಳಿದರೆ ತುದಿಯಲ್ಲಿ ಕೊಳೆ ಉಳಿಯುತ್ತೆ, ಜಾಸ್ತಿ ಇಳಿದರೆ ಎಲುಬಿಗೆ ಚುಚ್ಚುತ್ತೆ. ತುಟಿಗೆ ಒಂದು ಕೊಕ್ಕೆ, ಫೈಲಿಗೆ ಒಂದು ವೈರು ಸಿಕ್ಕಿಸಿದ ಪುಟ್ಟ ಯಂತ್ರ ತುದಿ ಹತ್ತಿರ ಬಂದಂತೆ ಬೀಪ್ ಬೀಪ್ ಅನ್ನುತ್ತೆ. ಆ ಅಳತೆಗೆ ಫೈಲಿನ ಮೇಲಿನ ರಬ್ಬರ್ ಬಿಲ್ಲೆಯನ್ನು ಸರಿಸಿ ಗುರುತು ಇಟ್ಟುಕೊಳ್ಳುತ್ತಾರೆ.

ಫೈಲು ಮುಟ್ಟದ ಮೂಲೆಗಳು ಒಳಗೆ ಬೇಕಾದಷ್ಟು ಇರುತ್ತವೆ. ಕಾಲುವೆ ನೆಟ್ಟಗಿನ ಪೈಪ್ ಅಲ್ಲ. ಕವಲು, ಸಂದಿ, ಅಡ್ಡದಾರಿ ಎಲ್ಲ ಇರುತ್ತೆ. ಅದಕ್ಕೇ ನಡುನಡುವೆ ಸೋಡಿಯಂ ಹೈಪೋಕ್ಲೋರೈಟ್ ಹಾಕಿ ತೊಳೆಯುತ್ತಾರೆ. ಬ್ಲೀಚಿಂಗ್ ವಾಸನೆ ಬಂದರೆ ಗಾಬರಿ ಬೇಡ, ಅದೇ ಜಾತಿಯದು. ಸತ್ತ ಮಾಂಸ ಕರಗಿಸುತ್ತೆ, ಬ್ಯಾಕ್ಟೀರಿಯಾ ಕೊಲ್ಲುತ್ತೆ. ಫೈಲು ದಾರಿ ಮಾಡಿಕೊಡೋದು ಅಷ್ಟೆ, ನಿಜವಾಗಿ ಸ್ವಚ್ಛ ಮಾಡೋದು ಈ ನೀರೇ. ಇನ್ನೊಂದು ಸಲ ಬರಬೇಕು ಅಂದರೆ ಒಳಗೆ ಸುಣ್ಣದಂಥ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು, ಮೇಲೆ ತಾತ್ಕಾಲಿಕ ಸಿಮೆಂಟ್ ಮುಚ್ಚಿ ಕಳಿಸುತ್ತಾರೆ.

ಎಷ್ಟೋ ಜನ ಕೈ ಬಿಡೋದು ಇಲ್ಲಿಯೇ. ನೋವು ಹೋಯಿತು, ಹಲ್ಲು ಮುಚ್ಚಿದೆ, ಮತ್ತೇಕೆ ಹೋಗಬೇಕು? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಾಗ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು, ನೆನಪಿದೆಯಲ್ಲ? ತಾತ್ಕಾಲಿಕ ಸಿಮೆಂಟ್ ಅಂದರೆ ಆ ಸ್ಟಾಪ್‌ಲಾಗ್. ಕೆಲವು ವಾರಕ್ಕೆ ಸವೆದು ಸೋರುತ್ತೆ, ಎಂಜಲಿನ ಜೊತೆ ಬ್ಯಾಕ್ಟೀರಿಯಾ ವಾಪಸ್ ಒಳಗೆ ಬರುತ್ತೆ. ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಕೊನೆಗೆ ಸಣ್ಣ ಕಾಗದದ ಕಡ್ಡಿಗಳಿಂದ ಕಾಲುವೆ ಒಣಗಿಸಿ, ಗಟ್ಟಾ-ಪರ್ಚಾ ಎಂಬ ಕೇಸರಿ-ಗುಲಾಬಿ ಬಣ್ಣದ ಕಡ್ಡಿಗಳನ್ನು ಅಂಟಿನ ಜೊತೆ ತುಂಬುತ್ತಾರೆ. ಇದು ಮಲಯ ಕಡೆಯ ಒಂದು ಮರದ ಹಾಲಿನಿಂದ ಬರುವ ರಬ್ಬರಿನಂಥ ವಸ್ತು. 19ನೇ ಶತಮಾನದಲ್ಲಿ ಸಮುದ್ರದ ತಳದಲ್ಲಿ ಹಾಕಿದ ಟೆಲಿಗ್ರಾಫ್ ತಂತಿಗಳಿಗೆ ಇದನ್ನೇ ಸುತ್ತುತ್ತಿದ್ದರು. ನೀರು ಒಳಗೆ ಬಿಡದ ವಸ್ತುವೇ ಅಲ್ವಾ ಹಲ್ಲಿಗೂ ಬೇಕಾದದ್ದು? ಉಳಿದ ತುದಿಯನ್ನು ಕಾಯಿಸಿದ ಕಡ್ಡಿಯಿಂದ ಕತ್ತರಿಸುವಾಗ ಚೂರು ಹೊಗೆ ಏಳುತ್ತೆ.

ಕಡೆಯ ಎಕ್ಸ್‌ರೇಯಲ್ಲಿ ಮೂರೂ ಕಾಲುವೆ ಬೆಳ್ಳನೆ ಗೆರೆಯಾಗಿ ಬೇರಿನ ತುದಿ ತನಕ ಕಾಣುತ್ತಿತ್ತು. ಡಾಕ್ಟರಮ್ಮ ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಮಾವ ಕನ್ನಡಕ ಹಾಕಿಕೊಂಡು ನೋಡಿದರು. "ಟೇಲ್ ಎಂಡ್ ತನಕ ಮುಟ್ಟಿಸೀರಿ ಬಿಡ್ರಿ. ನಮ್ಮ ಹೊಲಕ್ಕ ಇಷ್ಟು ವರ್ಷ ಆದ್ರೂ ಮುಟ್ಟಿಲ್ಲ."

ಕ್ಯಾಪ್ ಇಲ್ಲದಿದ್ದರೆ

ಮೂರು ದಿನ ಅಗಿದರೆ ನೋವು ಇತ್ತು. "ನರ ತೆಗೆದ ಮ್ಯಾಲ ನೋವು ಎಲ್ಲಿಂದ ಬಂತು?" ಅಂತ ಮಾವನ ತಕರಾರು. ಒಳ್ಳೆಯ ಪ್ರಶ್ನೆ. ನರ ತೆಗೆದದ್ದು ಹಲ್ಲಿನ ಒಳಗಿನದು. ಬೇರನ್ನು ಎಲುಬಿಗೆ ಕಟ್ಟಿರುವ ತೆಳ್ಳನೆ ನಾರಿನ ಪದರ ಹೊರಗಿದೆ, ಅದಕ್ಕೆ ಬೇರೆ ನರ, ಬೇರೆ ರಕ್ತ. ಕೆಲಸದ ಬಿಸಿಗೆ ಅದು ಸ್ವಲ್ಪ ಬಾತಿರುತ್ತೆ. ಕೆಲವು ದಿನದಲ್ಲಿ ಇಳಿಯುತ್ತೆ. ಇಳಿಯೋ ಬದಲು ಏರುತ್ತಿದ್ದರೆ, ಮತ್ತೆ ಬಾವು ಬಂದರೆ ಫೋನ್ ಮಾಡಬೇಕು.

ಆದರೆ ರೂಟ್ ಕೆನಾಲ್ ಆದ ಹಲ್ಲಿಗೆ ಮೇಲಿಂದ ತೊಡಿಸುವ ಕ್ಯಾಪ್ ವಿಷಯದಲ್ಲಿ ನನ್ನ ಸ್ವಂತ ಕಥೆ ಹೇಳದೆ ಆಗಲ್ಲ. ನನಗೆ ಆರು ವರ್ಷದ ಹಿಂದೆ ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು. ಕ್ಯಾಪ್ ಹಾಕಿಸಿ ಅಂದಿದ್ದರು. ನೋವಿಲ್ಲವಲ್ಲ, ಮುಂದಿನ ತಿಂಗಳು ನೋಡೋಣ ಅಂತ ಒಂದೂವರೆ ವರ್ಷ ದೂಡಿದೆ. ಒಂದು ಮಧ್ಯಾಹ್ನ ಕಟಿ ರೊಟ್ಟಿ, ಶೇಂಗಾ ಚಟ್ನಿ ತಿನ್ನುವಾಗ ಟಕ್ ಅಂತ ಸದ್ದು. ಕಲ್ಲು ಸಿಕ್ಕಿತು ಅಂದುಕೊಂಡೆ. ಸಿಕ್ಕಿದ್ದು ನನ್ನದೇ ಹಲ್ಲಿನ ಹೋಳು. ಬೇರಿನ ತನಕ ಉದ್ದಕ್ಕೆ ಸೀಳಿತ್ತು. ಹಾಗೆ ಸೀಳಿದ ದವಡೆ ಹಲ್ಲನ್ನು ಉಳಿಸೋಕೆ ಆಗಲ್ಲ. ಕೀಳಿಸಿದೆ.

ಹುಳುಕು ತಿಂದು, ಡಾಕ್ಟರ್ ಕೊರೆದು, ಹಲ್ಲಿನಲ್ಲಿ ಉಳಿಯೋದು ತೆಳ್ಳನೆ ಗೋಡೆ. ದವಡೆ ಹಲ್ಲಿನ ಮೇಲೆ ಬೀಳುವ ಒತ್ತಡ ಸಣ್ಣದಲ್ಲ. ಅದರಲ್ಲೂ ನಮ್ಮದು ರೊಟ್ಟಿ ಸೀಮೆ. ಕ್ಯಾಪ್ ಅಂದರೆ ಆ ಗೋಡೆಗಳಿಗೆ ಸುತ್ತಲೂ ಹಾಕುವ ಕಬ್ಬಿಣದ ಪಟ್ಟಿಯ ಹಾಗೆ, ಚಕ್ಕಡಿ ಗಾಲಿಗೆ ಹಾಕುತ್ತಾರಲ್ಲ. ಲೋಹದ್ದು ಅಗ್ಗ ಮತ್ತು ಗಟ್ಟಿ, ಹಿಂದಿನ ಹಲ್ಲಿಗೆ ಯಾರಿಗೂ ಕಾಣಲ್ಲ. ಲೋಹದ ಮೇಲೆ ಸೆರಾಮಿಕ್ ಇರೋದು ನಡುವಿನದು. ಜಿರ್ಕೋನಿಯಾ ದುಬಾರಿ, ಹಲ್ಲಿನ ಬಣ್ಣಕ್ಕೇ ಹೊಂದುತ್ತೆ. ಮುಂದಿನ ಹಲ್ಲು ಜಾಸ್ತಿ ಹಾಳಾಗಿಲ್ಲದಿದ್ದರೆ ಕ್ಯಾಪ್ ಇಲ್ಲದೆಯೂ ನಡೆಯಬಹುದು.

ಹಾಗಾದರೆ ಕಿತ್ತೇ ಬಿಡಬಾರದೇ? ಕೀಳೋದು ಅಗ್ಗ, ನಿಜ. ಆದರೆ ಖಾಲಿ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತೆ, ಎದುರಿನ ಹಲ್ಲು ಇಳಿದು ಬರುತ್ತೆ. ಆಮೇಲೆ ಆ ಜಾಗಕ್ಕೆ ಬೇರೆ ಹಲ್ಲು ಕೂರಿಸೋಕೆ ಬ್ರಿಜ್ಜೋ ಇಂಪ್ಲಾಂಟೋ ಅಂತ ಹೊರಟರೆ ರೂಟ್ ಕೆನಾಲ್‌ಗಿಂತ ಖರ್ಚು ಜಾಸ್ತಿ. ಸರಿಯಾಗಿ ಮಾಡಿ ಕ್ಯಾಪ್ ಹಾಕಿಸಿದ ಹಲ್ಲುಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ವರ್ಷಗಟ್ಟಲೆ ಬಾಳುತ್ತವೆ. ಹಾಗಂತ ಎಲ್ಲ ಹಲ್ಲನ್ನೂ ಉಳಿಸಲೇಬೇಕು ಅನ್ನೋ ಹಟವೂ ಬೇಡ. ಬುದ್ಧಿ ಹಲ್ಲು, ಬೇರು ಸೀಳಿದ ಹಲ್ಲು, ಒಸಡಿನ ಮೇಲೆ ಏನೂ ಉಳಿದಿರದ ಹಲ್ಲು, ಇವಕ್ಕೆ ದುಡ್ಡು ಸುರಿಯೋದಕ್ಕಿಂತ ಕೀಳಿಸೋದೇ ವಾಸಿ. ಗುಟ್ಕಾ ತಿಂದು ತಿಂದು ಬಾಯಿ ಎರಡು ಬೆರಳಷ್ಟೂ ತೆರೆಯದವರಿಗೆ ಹಿಂದಿನ ಹಲ್ಲಿನ ರೂಟ್ ಕೆನಾಲ್ ಮಾಡೋಕೆ ಕೈಯೇ ಹೋಗಲ್ಲ. ಅಂಥವರಿಗೆ ಹಲ್ಲಿಗಿಂತ ಮೊದಲು ಬಾಯಿಯನ್ನೇ ತೋರಿಸಿಕೊಳ್ಳಬೇಕು.

ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ ಅನ್ನೋದು ಸುಳ್ಳು. ಕಣ್ಣಿನ ನರ ಬೇರೆ, ಹಲ್ಲಿನ ನರ ಬೇರೆ. ರೂಟ್ ಕೆನಾಲ್ ಮಾಡಿಸಿದರೆ ಮೈಗೆಲ್ಲ ರೋಗ ಹರಡುತ್ತೆ ಅಂತ ವಾಟ್ಸಾಪಿನಲ್ಲಿ ಬರುತ್ತಲ್ಲ, ಅದರ ಮೂಲ ನೂರು ವರ್ಷ ಹಿಂದಿನದು. ಅಮೆರಿಕದ ವೆಸ್ಟನ್ ಪ್ರೈಸ್ ಎಂಬ ಹಲ್ಲಿನ ಡಾಕ್ಟರ್ ಹಾಗೆ ವಾದಿಸಿದ್ದರು. ಅವರು ಪ್ರಯೋಗ ಮಾಡಿದ ರೀತಿಯೇ ಸರಿ ಇರಲಿಲ್ಲ ಅಂತ ಆಮೇಲೆ ತಿಳಿಯಿತು.

ಖರ್ಚಿನ ಮಾತಿಗೆ ಬಂದರೆ, ಶುರು ಮಾಡೋ ಮೊದಲೇ ಕೇಳಿಬಿಡಿ. ಹೇಳಿದ ರೇಟಿನಲ್ಲಿ ಕ್ಯಾಪ್ ಸೇರಿದೆಯಾ ಇಲ್ಲವಾ? ನಾಚಿಕೆ ಬೇಡ. ಜಗಳ ಆಗೋದೇ ಅಲ್ಲಿ. ಕಡಿಮೆ ಖರ್ಚಿಗೆ ಬಳ್ಳಾರಿಯಲ್ಲಿ ಸರ್ಕಾರಿ ಡೆಂಟಲ್ ಕಾಲೇಜು ಇದೆ. ರಾಯಚೂರಿನಲ್ಲಿ ಎ.ಎಂ.ಇ. ಮತ್ತು ನವೋದಯ ಡೆಂಟಲ್ ಕಾಲೇಜುಗಳಿವೆ. ಕಾಲೇಜಿನಲ್ಲಿ ಕಲಿಯುವವರು ಮೇಷ್ಟರ ಕಣ್ಣಳತೆಯಲ್ಲಿ ಮಾಡುತ್ತಾರೆ, ಹೊತ್ತು ಹಿಡಿಯುತ್ತೆ, ಒಂದೆರಡು ಸಲ ಜಾಸ್ತಿ ಓಡಾಡಬೇಕಾಗಬಹುದು. ಹೋಗುವಾಗ ಬಿಪಿ, ಶುಗರ್, ಹೃದಯದ ಗುಳಿಗೆ ಏನಿದ್ದರೂ ಚೀಟಿ ಸಮೇತ ಒಯ್ಯಿರಿ. ಬಸುರಿಯಾಗಿದ್ದರೆ ಅದನ್ನೂ ಮೊದಲೇ ಹೇಳಿ.

ಮಾವನಿಗೆ ಸಂಕ್ರಾಂತಿ ಹೊತ್ತಿಗೆ ಲೋಹದ ಕ್ಯಾಪ್ ಆಯಿತು. ಆರು ತಿಂಗಳ ಮೇಲೆ ತೆಗೆದ ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕಪ್ಪು ಮಚ್ಚೆ ಅರ್ಧಕ್ಕರ್ಧ ತುಂಬಿತ್ತು. ಎಲುಬು ವಾಪಸ್ ಬೆಳೆಯೋಕೆ ಅಷ್ಟು ಹೊತ್ತು ಬೇಕು, ಕೆಲವರಿಗೆ ವರ್ಷದ ಮೇಲೂ ಬೇಕಾಗುತ್ತೆ.

ಮೊನ್ನೆ ಮತ್ತೆ ಫೋನು. ಈ ಸಲ ಬಲಗಡೆ.

"ತಣ್ಣೀರು ಕುಡಿದ್ರ ಜುಂ ಅಂತೈತಿ ನೋಡು."

"ಎಷ್ಟೊತ್ತು ಇರ್ತೈತಿ ಮಾವ?"

"ನೀರು ನುಂಗಿದ ಕೂಡ್ಲೇ ಹೋಗ್ತೈತಿ."

"ಹಂಗಾದ್ರ ಈ ವಾರನೇ ಬರ್ರಿ."

ಗುರುವಾರ ಬಂದರು. ಅರ್ಧ ತಾಸು ಹಿಡಿಯಿತು, ಬರೀ ಸಿಮೆಂಟಿನಲ್ಲಿ ಮುಗಿಯಿತು. ಕುರ್ಚಿಯಿಂದ ಇಳಿದವರೇ ಕೇಳಿದ ಮೊದಲ ಮಾತು, "ಚಾ ಯಾವಾಗ ಕುಡೀಬೇಕ್ರಿ ಮೇಡಂ?"